ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಜೊತೆ ಊರು ನಿಲ್ಲುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಪ್ರಕರಣಗಳಲ್ಲಿ ಮಕ್ಕಳ ಜೊತೆ ಆಸ್ಪತ್ರೆಗೆ, ಕೋರ್ಟಿಗೆ ಹೋಗಿಬರುವ ಕೆಲಸ ನನ್ನದು. ಕಾನೂನಿನ ಭಾಷೆಯಲ್ಲಿ ನನ್ನಂಥವರಿಗೆ ಬೆಂಬಲ ವ್ಯಕ್ತಿ ಎನ್ನುತ್ತಾರೆ. ಶಾಲೆಯ ಪೋಷಕರ ಸಭೆಯಲ್ಲಿ, ಸ್ತ್ರೀಶಕ್ತಿ ಸಂಘದ ಕೂಟದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕರೆದು, ರಾತ್ರಿ ಹೊತ್ತು ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಮಗುವಿನ ಗುರುತೂ ಹತ್ತಬಾರದೆಂದು ಊರು, ವಯಸ್ಸು, ಸಂದರ್ಭಗಳನ್ನು ಬಿಟ್ಟಿದ್ದೇನೆ.

ಈಗಲೇ ಒಂದು ಮಗು ಅಪಾಯದಲ್ಲಿದ್ದರೆ ಓದುತ್ತಾ ಕೂರಬೇಡಿ. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.

## ಮೊದಲು ಕೇಳುವ ಮಾತುಗಳು

"ನಮ್ಮ ಕಡೆ ಇಂಥದ್ದೆಲ್ಲ ಎಲ್ಲಿ ನಡೆಯುತ್ತೆ ಮೇಡಂ? ಸಿಟಿ ಕತೆ ಅಲ್ವಾ ಇದು?"

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ಹೊರತಂದಿತು. ಅವರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಬಹುಪಾಲು ಮಕ್ಕಳು ಅದುವರೆಗೆ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಆದರೆ ನಮ್ಮನ್ನು ಮೂರು ಕಡೆಯಿಂದ ಸುತ್ತುವರಿದ ಆಂಧ್ರ, ಕೇರಳ, ಮಹಾರಾಷ್ಟ್ರ, ಗೋವಾ ಇದ್ದವು. ಗಡಿ ದಾಟಿದ ಕೂಡಲೇ ಮನುಷ್ಯರು ಬದಲಾಗುತ್ತಾರೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇನ್ನೊಂದು ಮಾತು. ಪೊಲೀಸ್ ದಾಖಲೆಗೆ ಬಂದ ಪೋಕ್ಸೊ ಅತ್ಯಾಚಾರ ಪ್ರಕರಣಗಳಲ್ಲಿ ವರ್ಷ ವರ್ಷವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ ಆಗಿರುತ್ತಾರೆ. ನೆಂಟ, ನೆರೆಯವ, ಟ್ಯೂಷನ್ ಹೇಳುವವ, ಆಟೊ ಓಡಿಸುವವ. ಚಾಕೊಲೇಟು ಹಿಡಿದು ಬರುವ ಅಪರಿಚಿತನ ಬಗ್ಗೆ ಮಕ್ಕಳಿಗೆ ನಾವು ಎಚ್ಚರಿಕೆ ಹೇಳುತ್ತಲೇ ಇರುತ್ತೇವೆ. "ಮಾಮನ ಪಕ್ಕ ಕೂತ್ಕೋ ಹೋಗು" ಎಂದು ದಬ್ಬುವವರೂ ನಾವೇ.

"ಮಗು ಬಂದು ನನ್ನ ಹತ್ರ ಹೇಳಿಬಿಟ್ಟಿತು. ನಂಗೆ ಕೈಕಾಲೇ ಆಡಲಿಲ್ಲ. ಏನು ಹೇಳಬೇಕಿತ್ತು?"

ಹೆಚ್ಚೇನೂ ಹೇಳಬೇಕಾಗಿಲ್ಲ. "ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ಇದ್ರಲ್ಲಿ ನಿಂದೇನೂ ತಪ್ಪಿಲ್ಲ." ಇಷ್ಟು ಸಾಕು. ಕೂತು, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು, ಗಾಬರಿ ತೋರಿಸದೆ ಹೇಳಿ. ಗಾಬರಿ ಒಳಗೆ ಇದ್ದೇ ಇರುತ್ತದೆ. ಅದನ್ನು ಆಮೇಲೆ ಇನ್ನೊಬ್ಬ ದೊಡ್ಡವರ ಎದುರು ಹೊರಹಾಕಿ.

ನೀವು ಕಿರುಚಿದರೆ ಅಥವಾ ಅತ್ತರೆ ತಾನೇ ಏನೋ ದೊಡ್ಡ ತಪ್ಪು ಮಾಡಿದೆ ಎಂದುಕೊಂಡು ಮಗು ಬಾಯಿ ಮುಚ್ಚಿಬಿಡುತ್ತದೆ. "ಅವನನ್ನ ಕೊಂದುಬಿಡ್ತೀನಿ" ಎಂದು ಅಪ್ಪ ಎದ್ದು ನಿಂತ ಒಂದೇ ಕಾರಣಕ್ಕೆ, ಅಪ್ಪ ಜೈಲಿಗೆ ಹೋಗುತ್ತಾನೆಂದು ಹೆದರಿ, ಹೇಳಿದ್ದೆಲ್ಲ ಸುಳ್ಳು ಎಂದ ಮಕ್ಕಳನ್ನು ನಾನು ನೋಡಿದ್ದೇನೆ.

ಬಿಡಿಸಿ ಬಿಡಿಸಿ ಕೇಳಬೇಡಿ. "ಎಲ್ಲಿ ಮುಟ್ಟಿದ? ಹೀಗೆ ಮಾಡಿದ್ನಾ? ಹಾಗೆ ಮಾಡಿದ್ನಾ?" ಎಂದು ನಾವೇ ಮಾತು ಬಾಯಿಗಿಟ್ಟರೆ ನಾಳೆ ಕೋರ್ಟಿನಲ್ಲಿ "ಇದು ಹೇಳಿಕೊಟ್ಟ ಮಾತು" ಎನ್ನುತ್ತಾರೆ. "ಆಮೇಲೆ?" ಎಂಬಷ್ಟರಲ್ಲಿ ನಿಲ್ಲಿಸಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡಿ. ಅಜ್ಜಿಗೆ, ಚಿಕ್ಕಮ್ಮನಿಗೆ, ಮೇಷ್ಟ್ರಿಗೆ ಮತ್ತೆ ಮತ್ತೆ ಹೇಳಿಸಬೇಡಿ. ಪ್ರತಿ ಸಲ ಹೇಳುವಾಗಲೂ ಮಗು ಆ ಕೋಣೆಯೊಳಗೆ ಇನ್ನೊಮ್ಮೆ ಹೋಗಿಬರುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬೇಡಿ, ಆ ಆಣೆಯನ್ನು ನೀವು ಮುರಿಯಲೇಬೇಕಾಗುತ್ತದೆ. "ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಹೇಳೋದು ಅಂತ ನಿಂಗೆ ಮೊದಲೇ ತಿಳಿಸ್ತೀನಿ" ಎನ್ನಿ.

"ಮಕ್ಕಳು ಸುಳ್ಳು ಹೇಳಲ್ವಾ? ನಿನ್ನೆ ಒಂದು ಹೇಳ್ತು, ಇವತ್ತು ಏನೂ ಆಗಿಲ್ಲ ಅಂತಿದೆ."

ಮಕ್ಕಳು ಸುಳ್ಳು ಹೇಳುತ್ತಾರೆ. ಹೋಮ್‌ವರ್ಕ್ ಮಾಡಿದೆ ಎಂದು, ಲಾಡು ತಿಂದಿಲ್ಲ ಎಂದು. ಬೈಗುಳ ತಪ್ಪಿಸಿಕೊಳ್ಳಲು ಹೇಳುವ ಸುಳ್ಳು ಅದು. ಇದನ್ನು ಹೇಳಿದರೆ ಮಗುವಿಗೆ ಸಿಗುವುದು ಅಮ್ಮನ ಅಳು, ಅಪ್ಪನ ಸಿಟ್ಟು, ಮನೆ ತುಂಬ ಜಗಳ. ಇಂಥದ್ದನ್ನು ಬಯಸಿ ಕತೆ ಕಟ್ಟುವ ಮಕ್ಕಳು ತೀರಾ ಅಪರೂಪ.

ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಮಾತ್ರ ಅಪರೂಪವಲ್ಲ. ಮನೆಯ ಗಾಳಿ ಬದಲಾದದ್ದು ಮಗುವಿಗೆ ಗೊತ್ತಾಗುತ್ತದೆ. ತಾನು ಬಾಯಿ ಬಿಟ್ಟಿದ್ದರಿಂದ ಹೀಗಾಯಿತು, ಇಲ್ಲ ಅಂದರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಳ್ಳುತ್ತದೆ. ಹಾಗಾಗಿ "ಏನೂ ಆಗಿಲ್ಲ" ಎಂದ ಮಗುವನ್ನು ನಿಲ್ಲಿಸಿ ಪ್ರಶ್ನೆ ಮಾಡಬೇಡಿ. ಮೊದಲ ಸಲ ಹೇಳಿದ ಮೇಲೆ ಆ ಮಗುವಿನ ಮುಂದೆ ಯಾರು ಏನು ಮಾತಾಡಿದರು ಎಂದು ದೊಡ್ಡವರನ್ನು ಕೇಳಿ.

"ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳ್ತಾ ಇದಾಳೆ?"

ಈಗ ಅವಳಿಗೆ ಅದರ ಹೆಸರು ತಿಳಿದಿರಬಹುದು. ತಂಗಿ ಆ ವಯಸ್ಸಿಗೆ ಬಂದಿರಬಹುದು. ತಡವಾಗಿ ಹೇಳಿದರೂ ದೂರು ದೂರೇ.

"ಗಂಡು ಹುಡುಗನಿಗೂ ಹೀಗಾಗುತ್ತಾ? ಆದ್ರೂ ಅವನಿಗೇನು ನಷ್ಟ?"

ಆಗುತ್ತದೆ. 2007ರ ಅದೇ ವರದಿಯಲ್ಲಿ ದೌರ್ಜನ್ಯಕ್ಕೊಳಗಾದ ಮಕ್ಕಳ ಪೈಕಿ ಗಂಡುಮಕ್ಕಳೇ ಶೇ 52.94ರಷ್ಟಿದ್ದರು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ 18 ತುಂಬದ ಯಾವ ಮಗುವಿಗೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಅನ್ವಯಿಸುತ್ತದೆ. "ಏನು ನಷ್ಟ" ಎಂಬ ಪ್ರಶ್ನೆಯಲ್ಲೇ ನಮ್ಮ ರೋಗವಿದೆ. ಹೆಣ್ಣುಮಗುವಿನಲ್ಲಿ ನಾವು ಮಾನ ಎಣಿಸುತ್ತೇವೆ, ಗಂಡುಮಗುವಿನಲ್ಲಿ ಅದನ್ನೂ ಎಣಿಸುವುದಿಲ್ಲ. ಇಬ್ಬರ ನೋವನ್ನೂ ನೋಡುವುದಿಲ್ಲ. ಆ ಹುಡುಗನಿಗೆ ನಗೆಪಾಟಲಾಗುವ ಭಯ ಎಷ್ಟಿರುತ್ತದೆಂದರೆ, ಹುಡುಗಿಯರು ಅಮ್ಮನಿಗಾದರೂ ಹೇಳಿಕೊಂಡಾರು, ಅವನು ಗೆಳೆಯನಿಗೂ ಹೇಳುವುದಿಲ್ಲ.

## ದೂರು, ಪೊಲೀಸು, ಆಸ್ಪತ್ರೆ

"ನಾನು ಬರೀ ಪಕ್ಕದ ಮನೆಯವಳು. ನಾನ್ಯಾಕೆ ಹೋಗಿ ದೂರು ಕೊಡಲಿ? ಆಮೇಲೆ ನನ್ನ ಮೇಲೇ ಬಂದ್ರೆ?"

ಪೋಕ್ಸೊದ 19ನೇ ಕಲಂ "ಯಾವುದೇ ವ್ಯಕ್ತಿ" ಎನ್ನುತ್ತದೆ. ಇಂಥ ಅಪರಾಧ ನಡೆದಿದೆ ಎಂದು ಗೊತ್ತಿದ್ದರೆ, ನಡೆಯಬಹುದೆಂಬ ಆತಂಕವಿದ್ದರೂ, ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಶಾಲೆ, ಹಾಸ್ಟೆಲ್‌ನಂಥ ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಕಾನೂನು ಹೇಳುತ್ತದೆ. ತನಗಾದದ್ದನ್ನು ಹೇಳದೇ ಇದ್ದ ಮಗುವಿಗೆ ಯಾವ ಶಿಕ್ಷೆಯೂ ಇಲ್ಲ.

ಠಾಣೆಗೆ ಹೋಗಲು ಕಾಲು ಬಾರದಿದ್ದರೆ 1098ಕ್ಕೆ ಕರೆ ಮಾಡಿ. ನಿಮಗೆ ಗೊತ್ತಿದ್ದಷ್ಟು ಹೇಳಿದರೆ ಸಾಕು, ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಒತ್ತಿ ಹೇಳುತ್ತೇನೆ: ಒಬ್ಬರೇ ಹೊರಬೇಡಿ. ಮೇಲ್ವಿಚಾರಕಿಗೆ ತಿಳಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ನೀವು ಅದೇ ಊರಿನಲ್ಲಿ ಬಾಳಬೇಕಾದವರು.

"ಇಷ್ಟು ಪುಟ್ಟ ಮಗೂನ ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಾ?"

ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರು ಬರಬೇಕು, ಬರುವಾಗ ಸಮವಸ್ತ್ರ ಇರಬಾರದು. ಅಪ್ಪ ಅಮ್ಮ ಅಥವಾ ಮಗು ನಂಬುವ ಇನ್ಯಾರಾದರೂ ಜೊತೆಗಿರಬಹುದು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಕೂರಿಸುವಂತಿಲ್ಲ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ಎಲ್ಲಿ ಕೊಟ್ಟರೂ ಎಫ್‌ಐಆರ್ ಮಾಡಿ ಆಮೇಲೆ ವರ್ಗಾಯಿಸಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. 24 ಗಂಟೆಯೊಳಗೆ ಪೊಲೀಸರು, ಮಕ್ಕಳ ರಕ್ಷಣೆಯ ತೀರ್ಮಾನ ಮಾಡುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು.

ಇದೆಲ್ಲ ಎಲ್ಲ ಕಡೆ ಹೀಗೇ ನಡೆಯುವುದಿಲ್ಲ. ಸಮವಸ್ತ್ರದಲ್ಲೇ ಜೀಪು ಮನೆ ಮುಂದೆ ನಿಂತ ದಿನವೇ ಓಣಿಗೆಲ್ಲ ಸುದ್ದಿಯಾದ ಮನೆಗಳನ್ನು ಬಲ್ಲೆ. ನಿಯಮ ಗೊತ್ತಿರುವ ಒಬ್ಬರು ಮೆತ್ತಗೆ, ಗಟ್ಟಿಯಾಗಿ ನೆನಪಿಸಿದರೆ ಅಧಿಕಾರಿಗಳು ಕೇಳುತ್ತಾರೆ. ಬೇಡವೆನ್ನುವವರಿಗಿಂತ ಗೊತ್ತಿಲ್ಲದವರೇ ಹೆಚ್ಚು.

"ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕಾಗದ ತನ್ನಿ ಅಂತಾರೆ. ಆ ಪರೀಕ್ಷೆ ನೆನೆಸಿಕೊಂಡ್ರೇ ಭಯ."

ಕಾಗದ ಕೇಳುವಂತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಚಿಕಿತ್ಸೆ ತಕ್ಷಣ ಮತ್ತು ಉಚಿತವಾಗಿ ಸಿಗಬೇಕು, ಎಫ್‌ಐಆರ್ ಆಗಿರದಿದ್ದರೂ. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಒಳಗಿರಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ನಿಷಿದ್ಧ. ಸುಪ್ರೀಂ ಕೋರ್ಟ್ 2013ರಲ್ಲೇ ಅದನ್ನು ತಪ್ಪೆಂದಿತು. 2022ರಲ್ಲಿ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದೂ ಹೇಳಿತು. ಪರೀಕ್ಷೆ ಬೇಡ ಎಂದವರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಹೊತ್ತು ಮುಖ್ಯ. ಎಚ್‌ಐವಿ ತಗಲದಂತೆ ಕೊಡುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ದೊಡ್ಡ ಹುಡುಗಿಯರಿಗೆ ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಹಾಗೇ. ಇತ್ತೀಚಿನ ಘಟನೆಯಾದರೆ ಸ್ನಾನ ಮಾಡಿಸುವ ಮುಂಚೆ ಆಸ್ಪತ್ರೆಗೆ ಕರೆತನ್ನಿ. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿಗೆ ಹಾಕದೆ ಕಾಗದದಲ್ಲಿ ಸುತ್ತಿ ತನ್ನಿ. ತಾಯಂದಿರು ಮೊದಲು ಮಾಡುವುದೇ ಮಗುವಿಗೆ ನೀರು ಹಾಕಿ ಬಟ್ಟೆ ಒಗೆಯುವುದು. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಈಗಾಗಲೇ ಒಗೆದಿದ್ದರೂ ಕೇಸು ನಿಲ್ಲುತ್ತದೆ, ಹೆದರಬೇಡಿ.

"ಹಿರಿಯರು ಕೂತು ಮಾತಾಡಿದ್ರು. ತಪ್ಪು ಕಾಣಿಕೆ ಕಟ್ಟಿಸಿ ಮುಗಿಸೋಣ, ಇಲ್ಲಾ ಮದುವೆ ಮಾಡಿಬಿಡೋಣ ಅಂತಿದಾರೆ."

ಅದು ಮುಗಿಯುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ರಾಜಿಯ ಆಧಾರದ ಮೇಲೆ ರದ್ದು ಮಾಡುವಂತಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಆರೋಪಿ ಶಿಕ್ಷಕ, ಕುಟುಂಬ ರಾಜಿಗೆ ಒಪ್ಪಿತ್ತು, ಹೈಕೋರ್ಟ್ ಕೇಸು ಕೈಬಿಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮದುವೆಯಂತೂ ಇನ್ನೊಂದು ಅಪರಾಧ. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 18 ತುಂಬದ ಹೆಂಡತಿಯೊಂದಿಗಿನ ಸಂಪರ್ಕವೂ ಅತ್ಯಾಚಾರವೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಕಟ್ಟೆಯ ಮೇಲೆ ಕೂತ ಹಿರಿಯರಿಗೆ ನಾನು ಕೇಳುವುದು ಇಷ್ಟೇ: ಆ ದುಡ್ಡು ಎಣಿಸಿಕೊಂಡ ಮೇಲೆ ಮಗು ಅವನ ಮನೆ ಮುಂದೆಯೇ ನೀರಿಗೆ ಹೋಗಬೇಕಲ್ಲ, ಆಗ ನೀವು ಎಲ್ಲಿರುತ್ತೀರಿ? ಹಿರಿತನಕ್ಕೆ ಬೇರೆ ಕೆಲಸವಿದೆ. ಆರೋಪಿಯ ಕಡೆಯವರು ಮಗುವಿನ ಮನೆಗೆ ಬಂದು ಹೆದರಿಸದಂತೆ, ಆ ಮನೆಗೆ ಕೂಲಿ ತಪ್ಪದಂತೆ, ಅಂಗಡಿಯಲ್ಲಿ ಸಾಮಾನು ಕೊಡುವುದು ನಿಲ್ಲದಂತೆ ನೋಡಿಕೊಳ್ಳುವುದು. ಊರಿನ ಹಿರಿಯರ ಮಾತಿಗೆ ಬೆಲೆ ಇದ್ದರೆ ಅದು ಇಲ್ಲಿ ಕಾಣಲಿ.

## ಓಣಿ, ಶಾಲೆ, ನೆಂಟರು

"ಮಗೂನ ಅಜ್ಜಿ ಊರಿಗೆ ಕಳಿಸಿಬಿಡೋದೇ ಒಳ್ಳೇದಲ್ವಾ? ನಾಲ್ಕು ದಿನ ಆದ್ರೆ ಎಲ್ಲಾ ಮರೀತಾರೆ."

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಕೇಳುವವರು ಮಗುವನ್ನು ಪ್ರೀತಿಸುವವರೇ ಆಗಿರುತ್ತಾರೆ.

ಮಗುವಿನ ಕಡೆಯಿಂದ ನೋಡಿ. ಏನೋ ಕೆಟ್ಟದ್ದು ನಡೆಯಿತು. ಧೈರ್ಯ ಮಾಡಿ ಹೇಳಿತು. ಹೇಳಿದ ವಾರದಲ್ಲೇ ಅದರ ಶಾಲೆ, ಗೆಳತಿ, ಬೆಂಚಿನ ಜಾಗ, ಸಂಜೆ ಕುಂಟೆಬಿಲ್ಲೆ ಆಡುವ ಅಂಗಳ, ರಾತ್ರಿ ಅಮ್ಮನ ಪಕ್ಕದ ಹಾಸಿಗೆ ಎಲ್ಲ ಹೋಯಿತು. ಅವನು ಜಾಮೀನಿನ ಮೇಲೆ ಬಂದು ಅದೇ ಚಹಾ ಅಂಗಡಿಯಲ್ಲಿ ಕೂತಿದ್ದಾನೆ. ಊರು ಬಿಟ್ಟವರು ಯಾರು? ತಪ್ಪು ಯಾರದು ಎಂಬುದನ್ನು ಮಕ್ಕಳು ನಮ್ಮ ಭಾಷಣದಿಂದ ತಿಳಿಯುವುದಿಲ್ಲ, ಯಾರನ್ನು ಹೊರಗೆ ಕಳಿಸಿದೆವು ಎಂಬುದರಿಂದ ತಿಳಿಯುತ್ತಾರೆ.

ಸರಿಸಬೇಕಾದದ್ದು ಆರೋಪಿಯನ್ನು. ಮಗುವಿನ ಓಣಿಗೆ ಬರಬಾರದು, ಮಾತಾಡಿಸಬಾರದು ಎಂಬ ಷರತ್ತನ್ನು ಜಾಮೀನಿಗೆ ಹಾಕಿಸಲು ಸರ್ಕಾರಿ ಅಭಿಯೋಜಕರ, ಅಂದರೆ ಸರ್ಕಾರದ ಪರ ವಾದಿಸುವ ವಕೀಲರ ಮೂಲಕ ಕೋರಬಹುದು. ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ ಮಗುವಿನ ಕಡೆಯವರಿಗೆ ತಿಳಿಸಬೇಕು, ಅವರ ಮಾತನ್ನು ಕೇಳಬೇಕು. ಷರತ್ತು ಮುರಿದರೆ ಜಾಮೀನು ರದ್ದು ಮಾಡಿ ಎಂದು ಕೇಳಬಹುದು. ಷರತ್ತು ಮುರಿದಿದ್ದನ್ನು ನೋಡಿ ಹೇಳಬೇಕಾದವರು ಮಾತ್ರ ನೀವೇ, ಅಕ್ಕಪಕ್ಕದವರು. ನ್ಯಾಯಾಧೀಶರು ನಿಮ್ಮ ಓಣಿಯಲ್ಲಿ ಬಂದು ನಿಲ್ಲುವುದಿಲ್ಲ.

ಜೀವಕ್ಕೇ ಅಪಾಯವಿದ್ದಾಗ ಸ್ವಲ್ಪ ದಿನ ಜಾಗ ಬದಲಿಸಬೇಕಾಗಬಹುದು. ಆಗ ಮಗುವನ್ನು ಕೇಳಿ. "ಯಾರ ಮನೆ? ಯಾರು ಜೊತೆಗೆ ಬರಬೇಕು? ಯಾವಾಗ ವಾಪಸ್?" ಎಂದು ಅದರ ಜೊತೆಯೇ ತೀರ್ಮಾನಿಸಿ. ಅಮ್ಮನಿಲ್ಲದೆ ಒಂದೇ ಕಳಿಸಬೇಡಿ.

"ನಾನು ಹೆಡ್ ಮೇಷ್ಟ್ರು. ಬೇರೆ ಪೋಷಕರು ಬಂದು, ಆ ಹುಡುಗಿಗೆ ಟಿಸಿ ಕೊಟ್ಟು ಕಳಿಸಿ ಅಂತಿದಾರೆ."

ಕೊಡಬೇಡಿ ಸರ್. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಹೈಸ್ಕೂಲಾದರೆ ಕಾಯ್ದೆ ಅಡ್ಡ ಬಾರದಿರಬಹುದು, ನಿಮ್ಮ ಮನಸ್ಸು ಅಡ್ಡ ಬರಲಿ. ಆ ಪೋಷಕರಿಗೆ ನೀವು ಕೇಳಬಹುದಾದ ಪ್ರಶ್ನೆ: ನಾಳೆ ನಿಮ್ಮ ಮಗುವಿಗೇ ಏನಾದರೂ ಆದರೆ, ಹೇಳಿದವರಿಗೆ ಟಿಸಿ ಸಿಗುತ್ತದೆ ಎಂಬ ಪಾಠ ಕಲಿತ ಮಗು ನಿಮಗೆ ಬಂದು ಹೇಳುತ್ತದೆಯೇ?

ಶಾಲೆಯಲ್ಲಿ ಎಲ್ಲ ಶಿಕ್ಷಕರಿಗೂ ವಿಷಯ ಹೇಳಬೇಕಿಲ್ಲ. ಒಬ್ಬಿಬ್ಬರಿಗೆ ಗೊತ್ತಿದ್ದರೆ ಸಾಕು, ಅದರಲ್ಲಿ ಒಬ್ಬರು ಮಗುವೇ ಆರಿಸಿದವರಾಗಲಿ. ಕೋರ್ಟಿನ ದಿನ ಹಾಜರಿ ಹೋದರೆ ತರಗತಿಯಲ್ಲಿ ಕಾರಣ ಕೇಳಬೇಡಿ. ಪಾಠದ ಮಧ್ಯೆ ಎದ್ದು ಹೊರಗೆ ಹೋಗಬೇಕೆನಿಸಿದರೆ ಹೋಗಲು ಒಂದು ಸನ್ನೆ ಮಾಡಿಕೊಳ್ಳಿ. ಅಂಕ ಇಳಿಯುತ್ತದೆ, ಆಗ "ಮೊದಲು ಎಷ್ಟು ಚೆನ್ನಾಗಿ ಓದ್ತಿದ್ದೆ" ಎನ್ನಬೇಡಿ. ಕನಿಕರದಿಂದ ಆಟದ ತಂಡದಿಂದಲೋ ಗಣರಾಜ್ಯೋತ್ಸವದ ನೃತ್ಯದಿಂದಲೋ ಬಿಟ್ಟುಬಿಡಬೇಡಿ. ಬಿಡುವುದಾದರೆ ಮಗುವೇ ಬಿಡಲಿ.

"ಆ ಮನೆಗೆ ಹೋಗಿ ಏನಂತ ಮಾತಾಡೋದು? ಏನೋ ಅಂದು ನೋಯಿಸೋದಕ್ಕಿಂತ ದೂರ ಇರೋದೇ ವಾಸಿ ಅನ್ಸುತ್ತೆ."

ಆ ದೂರವನ್ನು ಅವರು ಬಹಿಷ್ಕಾರವೆಂದೇ ಓದುತ್ತಾರೆ. ಸಾವಿನ ಮನೆಗೆ ಹೋಗಲು ನಮಗೆ ಮಾತು ಬೇಕಾಗುವುದಿಲ್ಲ. ಅನ್ನ ಸಾರು ಮಾಡಿಕೊಂಡು ಹೋಗುತ್ತೇವೆ, ಕೂತು ಬರುತ್ತೇವೆ. ಇಲ್ಲಿಗೂ ಹಾಗೇ ಹೋಗಿ. ಘಟನೆಯ ಮಾತೆತ್ತಬೇಡಿ.

ಕೇಸು ನಡೆಯುವ ಮನೆಗೆ ಏನೇನು ತಪ್ಪಿಹೋಗುತ್ತದೆಂದು ಹತ್ತಿರದಿಂದ ನೋಡದವರಿಗೆ ತಿಳಿಯದು. ಕೋರ್ಟಿನ ಪ್ರತಿ ದಿನಕ್ಕೂ ಇಬ್ಬರ ಕೂಲಿ ಹೋಗುತ್ತದೆ. ತಾಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ ಹಿಡಿಯಬೇಕು, ಚಿಕ್ಕ ಮಗುವನ್ನು ಯಾರ ಹತ್ತಿರವೋ ಬಿಟ್ಟು ಹೋಗಬೇಕು, ಹಸು ಕರೆಯುವವರಿಲ್ಲ. "ನಾಳೆ ನಿಮ್ಮ ಚಿಕ್ಕವನನ್ನ ನಾನು ನೋಡ್ಕೋತೀನಿ" ಎಂಬ ಒಂದು ಮಾತಿನಿಂದ ಸಾಕ್ಷಿಗೆ ಹೋಗಲು ಸಾಧ್ಯವಾದ ತಾಯಂದಿರಿದ್ದಾರೆ. ಸಂಘದ ಸಾಲದ ಕಂತು ಒಂದು ತಿಂಗಳು ಮುಂದೆ ಹಾಕಿ. ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯುವ ಮನೆಗಳ ಸಾಲಿನಿಂದ ಆ ಮನೆಯನ್ನು ಬಿಡಬೇಡಿ. ಮುಖ್ಯವಾಗಿ, ನಿಮ್ಮ ಮಕ್ಕಳನ್ನು ಆ ಮಗುವಿನ ಜೊತೆ ಆಡಲು ಕಳಿಸಿ. ಹೊರಗಿನಿಂದ ಕೊಡಬಹುದಾದ ಔಷಧಿಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

"ನ್ಯಾಯಕ್ಕಾಗಿ ಹೋರಾಟ ಮಾಡ್ತಿದೀವಿ. ಮಗು ಫೋಟೊ ಹಾಕಿ ವಾಟ್ಸಾಪಲ್ಲಿ ಹಂಚಿದ್ರೆ ಏನು ತಪ್ಪು?"

ತಪ್ಪಷ್ಟೇ ಅಲ್ಲ, ಅಪರಾಧ. ಹೆಸರು, ಫೋಟೊ, ವಿಳಾಸ, ಮನೆಯವರ ವಿವರ, ಶಾಲೆ, ಓಣಿ, ಗುರುತು ಹತ್ತಿಸುವ ಯಾವುದನ್ನೂ ಬಯಲು ಮಾಡುವಂತಿಲ್ಲ. ಮಾಧ್ಯಮಗಳಲ್ಲಿ ಹೊರಹಾಕಿದವರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

"ಹೆಸರು ಹಾಕಿಲ್ಲ, ಊರಿನ ಹೆಸರು, ತಂದೆಯ ಕೆಲಸ ಅಷ್ಟೇ ಹಾಕಿದ್ದು" ಎನ್ನುತ್ತಾರೆ. ಮುನ್ನೂರು ಮನೆಯ ಊರಿನಲ್ಲಿ ಅಷ್ಟು ಸಾಲದೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ನಮ್ಮವರು. ಫೋನಿನಲ್ಲಿ ಹೋದ ಮಾತು ಹೋಗಿಯೂ ಹೋಗುವುದಿಲ್ಲ, ಆ ಮಗು ಹತ್ತು ವರ್ಷದ ನಂತರ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅಲ್ಲೇ ಬಿದ್ದಿರುತ್ತದೆ. ಹೋರಾಟ ಬೇಕು. ಚಾರ್ಜ್‌ಶೀಟು ತಡವಾಗಿದ್ದಕ್ಕೆ, ಜಿಲ್ಲೆಗೆ ಬೆಂಬಲ ವ್ಯಕ್ತಿಗಳು ಸಾಲದ್ದಕ್ಕೆ, ಹಾಸ್ಟೆಲಿನಲ್ಲಿ ವಾರ್ಡನ್ ಇಲ್ಲದ್ದಕ್ಕೆ ಹೋರಾಡಿ. ಯಾವ ಮಗುವಿನ ಮುಖವೂ ಅದಕ್ಕೆ ಬೇಕಾಗಿಲ್ಲ.

"ಮಾಡಿದವನು ನಮ್ಮ ಮನೆಯವರೇ. ಅವರು ಒಳಗೆ ಹೋದ್ರೆ ನಾವು ಉಣ್ಣೋದೇನು?"

ಅಕ್ಕ, ಈ ಪ್ರಶ್ನೆ ಕೇಳಿದ್ದಕ್ಕೆ ನಾಚಿಕೆಪಡಬೇಡಿ. "ತಾಯಿಯಾಗಿ ಹೇಗೆ ಸುಮ್ಮನಿದ್ದಳು" ಎನ್ನುವವರು ನಿಮ್ಮ ಒಲೆ ಹೊತ್ತಿಸುವುದಿಲ್ಲ.

ಆರೋಪಿ ಅದೇ ಮನೆಯಲ್ಲಿದ್ದರೆ ಮಗು ಅಲ್ಲಿರುವುದು ಸುರಕ್ಷಿತವೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ಮೂರು ದಿನದೊಳಗೆ ತೀರ್ಮಾನಿಸಬೇಕು, ಮಗುವಿನ ಇಚ್ಛೆಯನ್ನೂ ಕೇಳಬೇಕು. ನೀವು ಗಟ್ಟಿಯಾಗಿ ಮಗುವಿನ ಜೊತೆ ನಿಂತರೆ ಮಗುವನ್ನು ನಿಮ್ಮಿಂದ ಬೇರೆ ಮಾಡುವ ಅಗತ್ಯ ಬಹಳ ಕಡಿಮೆ. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಖರ್ಚಿಗೆ 2020ರ ಪೋಕ್ಸೊ ನಿಯಮಗಳಲ್ಲಿ ವಿಶೇಷ ನೆರವು ಇದೆ. ಸಮಿತಿ ಶಿಫಾರಸು ಮಾಡಿದ ಒಂದು ವಾರದೊಳಗೆ ಕೈಸೇರಬೇಕು. ಇದನ್ನು ಕೇಳುವವರೇ ಇಲ್ಲ, ಇದೆಯೆಂದು ಗೊತ್ತಿಲ್ಲದ ಕಾರಣಕ್ಕೆ. ಬಾಯಿಬಿಟ್ಟು ಕೇಳಿ. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆಂದೇ ಸರ್ಕಾರ ನಡೆಸುವ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ತಾಯಿ ಮಕ್ಕಳು ಕೆಲವು ದಿನ ತಂಗಲೂ ಬಹುದು.

ತವರಿನವರಿಗೆ ನನ್ನ ಬೇಡಿಕೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ಈ ಒಂದು ಸಲ ಮರೆತುಬಿಡಿ.

## ಕೋರ್ಟು ಮತ್ತು ಮುಂದಿನ ದಾರಿ

"ಬೆಂಬಲ ವ್ಯಕ್ತಿ ಅಂದ್ರೆ ಲಾಯರಾ?"

ಅಲ್ಲ. ಕೇಸು ಎಲ್ಲಿದೆ, ಮುಂದಿನ ದಿನ ಯಾವುದು, ಅಲ್ಲಿ ಏನಾಗುತ್ತದೆ ಎಂದು ಮಗುವಿಗೂ ಮನೆಯವರಿಗೂ ಅವರ ಭಾಷೆಯಲ್ಲಿ ತಿಳಿಸುತ್ತಾ, ಜೊತೆಗೆ ಹೋಗಿಬರುತ್ತಾ, ಚಿಕಿತ್ಸೆ, ಶಾಲೆ, ಪರಿಹಾರಗಳ ಎಳೆ ತಪ್ಪದಂತೆ ನೋಡಿಕೊಳ್ಳುವವರು. ಮಕ್ಕಳ ಕಲ್ಯಾಣ ಸಮಿತಿ ನೇಮಿಸುತ್ತದೆ, ಕುಟುಂಬ ದುಡ್ಡು ಕೊಡಬೇಕಿಲ್ಲ. ಈ ವ್ಯವಸ್ಥೆಯನ್ನು ಪೋಷಕರ ಇಚ್ಛೆಗೆ ಬಿಟ್ಟು ಕೈತೊಳೆದುಕೊಳ್ಳಬಾರದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಾದಿಸುವುದು ಸರ್ಕಾರಿ ಅಭಿಯೋಜಕರ ಕೆಲಸ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಇದೆ, ಆಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ.

"ಎಲ್ಲರ ಮುಂದೆ ಕಟಕಟೇಲಿ ನಿಲ್ಲಿಸಿ ಕೇಳ್ತಾರಾ? ಅವನೂ ಅಲ್ಲೇ ಇರ್ತಾನಾ?"

ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಮಗುವಿಗೆ ಆರೋಪಿ ಕಾಣದಂತೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಇರಬೇಕು. ಎದುರಾಳಿ ವಕೀಲರು ನೇರವಾಗಿ ಮಗುವನ್ನು ಕೇಳುವಂತಿಲ್ಲ, ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳುತ್ತಾರೆ. ಸುಸ್ತಾದರೆ ಬಿಡುವು ಕೇಳಬಹುದು. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಕಾನೂನು. ಬಹಳ ಸಲ ಮುಗಿಯುವುದಿಲ್ಲ.

ನಾನು ಕಂಡಂತೆ ಮಕ್ಕಳು ಒಳಗಿಗಿಂತ ಹೊರಗೆ ಹೆಚ್ಚು ಬೆದರುತ್ತಾರೆ. ವರಾಂಡದಲ್ಲಿ, ಕ್ಯಾಂಟೀನಿನಲ್ಲಿ, ಗೇಟಿನ ಬಳಿ ಅವನು ಅಥವಾ ಅವನ ಕಡೆಯವರು ಎದುರಾಗುತ್ತಾರೆ. ಅದಕ್ಕೇ ಮಗು ಎಲ್ಲಿ ಕಾಯುತ್ತದೆ ಎಂಬುದನ್ನು ಮೊದಲೇ ಅಭಿಯೋಜಕರ ಬಳಿ ಮಾತಾಡಿಕೊಳ್ಳಿ. ಹಿಂದಿನ ದಿನ ಖಾಲಿ ಕೋರ್ಟು ತೋರಿಸಿ ಬನ್ನಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಬಹುದು ಎಂದು ಹೇಳಿಕೊಡಿ. ಹೇಳಿಕೊಡಬಹುದಾದದ್ದು ಅದೊಂದೇ.

"ಪರಿಹಾರದ ದುಡ್ಡು ತಗೊಂಡ್ರೆ, ದುಡ್ಡಿಗೋಸ್ಕರ ಕೇಸ್ ಹಾಕಿದ್ರು ಅಂತಾರಲ್ಲ?"

ಅನ್ನುವವರು ಅನ್ನಲಿ, ತೆಗೆದುಕೊಳ್ಳಿ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು. ಕೇಸು ನಡೆಯುತ್ತಿರುವಾಗಲೇ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಆರೋಪಿ ಸಿಗದಿದ್ದರೂ, ಖುಲಾಸೆಯಾದರೂ, ಮಗುವಿಗೆ ಹಾನಿಯಾಗಿದೆ ಎಂದು ಕೋರ್ಟಿಗೆ ಅನಿಸಿದರೆ ಪರಿಹಾರ ಉಂಟು. ಆದೇಶವಾದ 30 ದಿನದೊಳಗೆ ಸಂದಾಯವಾಗಬೇಕು. ಆರೋಪಿ ಕಡೆಯವರು ಕವರಿನಲ್ಲಿ ತರುವ ದುಡ್ಡೇ ಬೇರೆ, ಇದೇ ಬೇರೆ.

"ಹುಡುಗಿಗೆ 17. ಅವಳೇ ಇಷ್ಟಪಟ್ಟು ಹೋದಳು. ಇದೂ ಪೋಕ್ಸೊನಾ?"

ಈಗಿನ ಕಾನೂನಿನ ಪ್ರಕಾರ ಹೌದು. 18ರ ಕೆಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, 16 ದಾಟಿದ ಹುಡುಗಿಯರು ಪ್ರೀತಿಸಿ ಹೋದ ಪ್ರಕರಣಗಳನ್ನು ಕಂಡು, ವಯಸ್ಸಿನ ಮಿತಿಯನ್ನು ಮರುಚಿಂತಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ವರದಿಯಲ್ಲಿ ಮಿತಿ ಇಳಿಸಬೇಡಿ, ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿವೇಚನೆಯನ್ನು ನ್ಯಾಯಾಧೀಶರಿಗೆ ಬಿಡಿ ಎಂದಿತು.

ಪಶ್ಚಿಮ ಬಂಗಾಳದ ಇಂಥದೇ ಒಂದು ಪ್ರಕರಣದಲ್ಲಿ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಮಾಜ ಅವಳನ್ನು ತೂಗಿ ನೋಡಿತು, ಕಾನೂನು ವ್ಯವಸ್ಥೆ ಕೈಕೊಟ್ಟಿತು, ಮನೆಯವರೇ ತೊರೆದರು, ಅವಳಿಗೆ ಘಟನೆಗಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಆಮೇಲೆ ನಡೆದದ್ದು ಎಂಬ ಅರ್ಥದ ಮಾತು ಅದರಲ್ಲಿದೆ. ಹುಡುಗಿ ವಾಪಸ್ ಬಂದಾಗ ಮನೆಯ ಬಾಗಿಲು ತೆರೆದಿರಲಿ. ಗರ್ಭಿಣಿಯಾಗಿದ್ದರೆ ಮರೆಮಾಚದೆ ಬೇಗ ಆಸ್ಪತ್ರೆಗೆ ಬನ್ನಿ. ಅಪ್ರಾಪ್ತರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶವಿದೆ. ನಾಟಿ ಔಷಧಿಗೆ ಹೋಗಿ ಜೀವ ಕಳೆದುಕೊಳ್ಳುವುದು ಬೇಡ.

"ಮಾಡಿದವನೂ 14ರ ಹುಡುಗ. ಅವನಿಗೂ ಜೈಲಾ?"

ಇಲ್ಲ. ಅವನ ವಿಚಾರ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವನಿಗೂ ಸಹಾಯ ಬೇಕು, ಅವನ ಮೇಲೂ ಯಾರಾದರೂ ಇದನ್ನೇ ಮಾಡಿರಬಹುದು. ಆದರೆ "ಇನ್ನೂ ಹುಡುಗ ಬಿಡಿ" ಎಂದು ಮುಚ್ಚಿಹಾಕಿದರೆ ಇಬ್ಬರಿಗೂ ಸಹಾಯ ತಪ್ಪುತ್ತದೆ.

"ಆಟ ಆಡ್ಕೊಂಡು ಚೆನ್ನಾಗೇ ಇದೆ. ಕೌನ್ಸೆಲಿಂಗ್ ಅಂತ ಕರ್ಕೊಂಡು ಹೋಗಿ ಯಾಕೆ ನೆನಪಿಸಬೇಕು?"

ಆಡುತ್ತಿರುವುದು ಒಳ್ಳೆಯ ಲಕ್ಷಣ, ಆಡಲು ಬಿಡಿ. ಎಲ್ಲ ಮಕ್ಕಳಿಗೂ ದೀರ್ಘ ಚಿಕಿತ್ಸೆ ಬೇಕಾಗುವುದಿಲ್ಲ. ನಂಬಿದ ಮನೆ, ಸುರಕ್ಷಿತ ರಾತ್ರಿ, ನಿತ್ಯದ ದಿನಚರಿಯಿಂದಲೇ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೂ ಒಂದು ಸಲ ಮಕ್ಕಳ ಮನೋತಜ್ಞರಿಗೆ ತೋರಿಸಿ. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಮತ್ತೆ ಹಾಸಿಗೆ ಒದ್ದೆಯಾಗುವುದು, ಒಬ್ಬರೇ ಇರಲು ಹೆದರುವುದು, ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುವುದು, ಸಾಯುವ ಮಾತಾಡುವುದು ಕಂಡರೆ ತಡಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಒಳ್ಳೆಯ ಆಪ್ತಸಮಾಲೋಚಕರು ಮೊದಲ ದಿನವೇ ಘಟನೆ ಕೇಳುವುದಿಲ್ಲ. ಚಿತ್ರ ಬಿಡಿಸುತ್ತಾ, ಆಡುತ್ತಾ ಶುರುಮಾಡುತ್ತಾರೆ. "ಏನೂ ಕೇಳಲೇ ಇಲ್ಲ, ಬರೀ ಆಟ ಆಡಿಸಿ ಕಳಿಸಿದ್ರು" ಎಂದು ಎರಡನೇ ಸಲ ಕರೆದೊಯ್ಯದೇ ಬಿಡಬೇಡಿ. ದೆವ್ವ ಬಿಡಿಸಲು, ತಾಯಿತ ಕಟ್ಟಿಸಲು ಕರೆದೊಯ್ದು ಮೈಮೇಲೆ ಹೊಡೆಸುವುದನ್ನಂತೂ ದಯವಿಟ್ಟು ಮಾಡಬೇಡಿ.

"ಅವನು ಖುಲಾಸೆ ಆಗಿಬಿಟ್ಟ. ಈಗ ಮಗೂಗೆ ಏನಂತ ಹೇಳೋದು?"

ಖುಲಾಸೆ ಎಂದರೆ ಸಾಕ್ಷ್ಯ ಸಾಲಲಿಲ್ಲ ಎಂದಿರಬಹುದು, ಸಾಕ್ಷಿಗಳು ತಿರುಗಿಬಿದ್ದರು ಎಂದಿರಬಹುದು. ಮಗು ಸುಳ್ಳು ಹೇಳಿತು ಎಂದು ಅದರಷ್ಟಕ್ಕೆ ಅರ್ಥವಲ್ಲ. ಮೇಲ್ಮನವಿಗೆ ಅವಕಾಶವಿದೆ, ಅಭಿಯೋಜಕರನ್ನೂ ಕಾನೂನು ಸೇವಾ ಪ್ರಾಧಿಕಾರವನ್ನೂ ಅದೇ ವಾರ ಕಾಣಿರಿ, ಗಡುವಿರುತ್ತದೆ.

ಮಗುವಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮುಂಚೆ ನೀವೇ ಹೇಳಿ. "ಜಡ್ಜ್ ಹತ್ರ ಸಾಕಾಗೋಷ್ಟು ಪುರಾವೆ ಇರಲಿಲ್ಲ. ನೀನು ನಿಜ ಹೇಳಿದೆ, ನಮಗೆ ಗೊತ್ತು." ಅವನು ಊರಿಗೆ ವಾಪಸ್ ಬರುವ ದಿನ ಪಟಾಕಿ ಹೊಡೆದದ್ದು, ಹಾರ ಹಾಕಿದ್ದು ಕಂಡಿದ್ದೇನೆ. ಆ ದಿನ ಓಣಿಯವರು ಮಾಡಬಹುದಾದದ್ದು ಬಹಳ ಸಣ್ಣದು. ಸಂಜೆ ಎಂದಿನಂತೆ ನಿಮ್ಮ ಮಕ್ಕಳನ್ನು ಆ ಮನೆಯ ಅಂಗಳಕ್ಕೆ ಆಡಲು ಕಳಿಸಿ. ನಿಮ್ಮ ಕುರ್ಚಿಯನ್ನೂ ಹೊರಗೆ ಹಾಕಿಕೊಂಡು, ಕತ್ತಲಾಗುವವರೆಗೆ ಅಲ್ಲೇ ಕೂತಿರಿ.